ಹೊಸದಾಗಿ ತಂದ ಬೆಕ್ಕು ಹಗಲೆಲ್ಲ ಅಡಗಿ, ರಾತ್ರಿ ಕೂಗುವುದೇಕೆ?

ಕೆಲವು ವಾರ ನೋಡಿಕೊಳ್ಳಲೆಂದು ತಂದ ಬೆಕ್ಕು ಹಗಲಿಡೀ ಮಂಚದಡಿ ಕೂತು, ರಾತ್ರಿ ಮನೆಯೆಲ್ಲ ಸುತ್ತಿ ಕೂಗುತ್ತದೆ ಎಂದಿದ್ದೀರಿ. ಪಾಪ, ಅದು ತುಂಬಾ ಹೆದರಿದೆ.

ಬೆಕ್ಕು ಜಾಗವನ್ನು ಗುರುತಿಸುವುದು ಹೆಚ್ಚಾಗಿ ವಾಸನೆಯಿಂದ. ಬಾಗಿಲು, ಕುರ್ಚಿ ಕಾಲಿಗೆ ಕೆನ್ನೆ ಉಜ್ಜುತ್ತದೆ ಅಲ್ವಾ? ಕೆನ್ನೆಯ ಗ್ರಂಥಿಗಳಿಂದ ತನ್ನ ವಾಸನೆ ಅಂಟಿಸಿದ ಮೇಲೆಯೇ ಅದಕ್ಕೆ ನಿರಾಳ. ನಿಮ್ಮ ಮನೆಯಲ್ಲಿ ಅಂಥ ಗುರುತು ಇನ್ನೂ ಇಲ್ಲ. ಹಾಗಾಗಿ ಜನ ಓಡಾಡುವಾಗ ಅಡಗುತ್ತದೆ, ಸದ್ದು ನಿಂತ ಮೇಲೆ ಬಂದು ಮೂಸಿ ನೋಡುತ್ತದೆ. ಮರಿಯಾಗದಂತೆ ಆಪರೇಷನ್ ಮಾಡಿಸದ ಹೆಣ್ಣಾದರೆ ಕೂಗಿಗೆ ಬೆದೆಯೂ ಕಾರಣವಿರಬಹುದು.

ದಯವಿಟ್ಟು ಎಳೆದು ಹೊರಗೆ ತೆಗೆಯಬೇಡಿ. ಮೊದಲು ಒಂದೇ ಕೋಣೆ ಕೊಡಿ. ಅಡಗಲು ರಟ್ಟಿನ ಡಬ್ಬ, ಊಟ, ನೀರು ಇಡಿ. ಮಲಮೂತ್ರದ ಟ್ರೇ ಊಟದಿಂದ ದೂರ ಇರಲಿ. ಅದು ಮಲಗುವ ಬಟ್ಟೆಯನ್ನು ಸದ್ಯಕ್ಕೆ ಒಗೆಯಬೇಡಿ. ಹತ್ತಿರದಲ್ಲಿ ಸುಮ್ನೆ ಕೂತಿರಿ. ನಿಮ್ಮನ್ನು ನೋಡಿ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆದರೆ ಒಳ್ಳೆಯ ಸೂಚನೆ, ನೀವೂ ಹಾಗೇ ಮಾಡಿ.

ಆದರೆ 24 ಗಂಟೆ ಏನೂ ತಿನ್ನದಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಉಪವಾಸ ಮುಂದುವರಿದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬರದಿದ್ದರೆ ಆ ಕ್ಷಣವೇ ಹೊರಡಿ.