ರೆಸಾರ್ಟ್, ಹೋಂಸ್ಟೇ ಕಟ್ಟಲು ಅರ್ಜಿ ಹಾಕಿದವರ ಪಟ್ಟಿ ಸಿಕ್ಕರೆ ವ್ಯಾಪಾರ ಆಗುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಮಡಿಕೇರಿಯಲ್ಲಿ ಹಾಸಿಗೆ, ದಿಂಬು, ಬೆಡ್‌ಶೀಟ್ ಅಂಗಡಿ ಹಾಕಿದ್ದೀರಿ. ಹೋಂಸ್ಟೇ, ರೆಸಾರ್ಟ್ ಕಟ್ಟೋಕೆ ಅರ್ಜಿ ಹಾಕಿದವರ ಹೆಸರು, ನಂಬರ್ ಪಂಚಾಯ್ತಿಯಿಂದ ತೆಗೆದು, ಎಲ್ಲರಿಗಿಂತ ಮೊದಲು ಫೋನ್ ಮಾಡಿದರೆ ಆರ್ಡರ್ ಸಿಗುತ್ತಾ ಅಂತ ಕೇಳಿದ್ದೀರಿ. 2017ರಲ್ಲಿ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು.

ನನ್ನದು ಸುಂಟಿಕೊಪ್ಪದ ಕಡೆ ಬಿಸಿನೀರಿನ ಕೆಲಸ. ಸೋಲಾರ್, ಸೌದೆ ಬಾಯ್ಲರ್, ಗ್ಯಾಸ್ ಗೀಸರ್ ಎಲ್ಲ ಹಾಕುತ್ತೇನೆ. ಆಗ ಮನೆಗಳಿಗೆ ಒಂದೊಂದೇ ಟ್ಯಾಂಕ್ ಹಾಕಿ ಸಾಕಾಗಿತ್ತು, ಒಂದೇ ಸಲಕ್ಕೆ ಹತ್ತಾರು ರೂಮಿನ ಕೆಲಸ ಬೇಕಿತ್ತು. ಆ ಸಮಯಕ್ಕೆ ಪರಿಚಯದ ಎಂಜಿನಿಯರ್ ಒಬ್ಬರು ಒಂದು ಫೈಲಿನ ಜೆರಾಕ್ಸ್ ತೋರಿಸಿದರು. ಮಡಿಕೇರಿ-ಸೋಮವಾರಪೇಟೆ ರಸ್ತೆಯಿಂದ ಒಳಗೆ, ಒಂದು ಇಳಿಜಾರಿನ ಮೇಲೆ, ಬೆಂಗಳೂರಿನ ಪಾರ್ಟಿಯ ರೆಸಾರ್ಟ್. ಹದಿನಾಲ್ಕು ರೂಮು, ಪ್ರತಿ ರೂಮಿಗೂ ಬಾತ್‌ಟಬ್. ನಾನು ರೂಮು ಎಣಿಸಿದೆ, ಲೀಟರ್ ಲೆಕ್ಕ ಹಾಕಿದೆ, ಅವತ್ತೇ ಬೆಂಗಳೂರಿಗೆ ಫೋನ್ ಮಾಡಿದೆ. ಆ ಮನುಷ್ಯ ಬಹಳ ಚೆನ್ನಾಗಿ ಮಾತಾಡಿದರು. "ಪರ್ಮಿಷನ್ ಆಗೇ ಆಗುತ್ತೆ, ನೀವು ಮಾಲು ರೆಡಿ ಇಟ್ಕೊಳ್ಳಿ" ಅಂದರು. ರೇಟ್ ಏರುತ್ತೆ ಅಂತ ಡೀಲರ್ ಬೇರೆ ಹೆದರಿಸುತ್ತಿದ್ದ. ಹೆಂಡತಿಯ ಚಿನ್ನ ಅಡವಿಟ್ಟು ಐನೂರು ಲೀಟರಿನ ಟ್ಯಾಂಕು, ಗಾಜಿನ ಟ್ಯೂಬು, ಸ್ಟ್ಯಾಂಡು ಎಲ್ಲ ತಂದು ಶೆಡ್ಡಿನಲ್ಲಿ ತುಂಬಿದೆ. ಅಡ್ವಾನ್ಸ್ ಕೇಳಲಿಲ್ಲ. ಮೊದಲ ದೊಡ್ಡ ಪಾರ್ಟಿ, ಕೇಳಿದರೆ ಎಲ್ಲಿ ಕೈತಪ್ಪುತ್ತದೋ ಅಂತ.

ಆ ಕೆಲಸ ಆಗಲೇ ಇಲ್ಲ. 2018ರ ಆಗಸ್ಟ್‌ನಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಮಳೆಗೆ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡವೇ ಜಾರಿತು, ಮದೆನಾಡು, ಜೋಡುಪಾಲದ ಕಡೆ ಹೆದ್ದಾರಿಯೇ ಹೋಯಿತು. ಆಮೇಲೆ ಇಳಿಜಾರಿನಲ್ಲಿ ಮಣ್ಣು ಕಡಿಯುವ ಮಾತೆತ್ತಿದರೆ ಜನರೇ ಬೈಯುತ್ತಿದ್ದರು. ಪಾರ್ಟಿ ಫೋನ್ ಎತ್ತುವುದನ್ನು ಬಿಟ್ಟರು. ಕೊನೆಗೆ ಮೈಸೂರಿನ ಒಬ್ಬರಿಗೆ ಸಿಕ್ಕಿದ ರೇಟಿಗೆ ಮಾಲು ಕೊಟ್ಟು ಕೈ ತೊಳೆದುಕೊಂಡೆ. ಅಷ್ಟರಲ್ಲಿ ಎಷ್ಟೋ ಟ್ಯೂಬುಗಳು ಇಟ್ಟಲ್ಲೇ ಒಡೆದಿದ್ದವು.

ತುಂಬಾ ದಿನ ಮಳೆಯ ಮೇಲೆ ತಪ್ಪು ಹಾಕಿಕೊಂಡು ಓಡಾಡಿದೆ. ನಿಜ ಅಂದರೆ ಮಳೆ ಬರುವ ಮೊದಲೇ ಆ ಫೈಲು ಸತ್ತಿತ್ತು, ನನಗೆ ಅದನ್ನು ಓದೋಕೆ ಬರಲಿಲ್ಲ ಅಷ್ಟೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನೀವು ಕೇಳುತ್ತಿರುವ ಪಟ್ಟಿಯಲ್ಲೂ ಇಂಥ ಫೈಲುಗಳೇ ಜಾಸ್ತಿ ಇರುತ್ತವೆ.

ಆ ಜೆರಾಕ್ಸಿನ ಮೇಲೆ ಕಚೇರಿಯ ಸೀಲು ಇತ್ತು, ತಾರೀಕು ಇತ್ತು, ಯಾರದೋ ಗೀಚಿದ ಸಹಿ ಇತ್ತು. ಪಾಸಾಗಿದೆ ಅಂತ ತಿಳಿದುಕೊಂಡೆ. ಅದು ಟಪಾಲು ಸೀಲು. ಕಚೇರಿಗೆ ಯಾರು ಏನು ಕೊಟ್ಟರೂ ಆ ಸೀಲು ಬೀಳುತ್ತದೆ, ನಾಳೆ ನೀವು ಮದುವೆ ಕಾಗದ ಕೊಟ್ಟರೂ ಬೀಳುತ್ತದೆ. ಎರಡನೆಯದು, ಆ ಅರ್ಜಿ ಕಟ್ಟಡದ ಲೈಸೆನ್ಸಿಗೆ ಹಾಕಿದ್ದೇ ಅಲ್ಲ. ಭೂಪರಿವರ್ತನೆಗೆ ಹಾಕಿದ್ದು. ಕಾಫಿ ತೋಟದ ಜಾಗದಲ್ಲಿ ರೆಸಾರ್ಟ್ ಕಟ್ಟಬೇಕಾದರೆ ಮೊದಲು ಕೃಷಿಯಿಂದ ವಾಣಿಜ್ಯಕ್ಕೆ ಬದಲಾಯಿಸಬೇಕು, ಭೂಕಂದಾಯ ಕಾಯ್ದೆಯ 95ನೇ ಕಲಂ. ಅದಕ್ಕೆ ಡಿಸಿ ಆದೇಶ ಆಗಬೇಕು, ಶುಲ್ಕ ಕಟ್ಟಬೇಕು. ಆಮೇಲೆ ಪಂಚಾಯ್ತಿಯ ಆಸ್ತಿ ದಾಖಲೆ ಇರುವ ಇ-ಸ್ವತ್ತಿನಲ್ಲಿ ನಮೂನೆ 9, 11ಎ. ಆಮೇಲೆ ನಕ್ಷೆ ಇಟ್ಟು ಪಂಚಾಯ್ತಿ ಲೈಸೆನ್ಸ್. ನಾನು ಮೊದಲ ಮೆಟ್ಟಿಲಲ್ಲಿ ನಿಂತವನಿಗೆ ಬಾತ್‌ರೂಮಿನ ಸಾಮಾನು ತಂದಿಟ್ಟಿದ್ದೆ.

ಮೂರನೆಯದು ಇನ್ನೂ ನಾಚಿಕೆಗೇಡು. ಆ ಜಾಗದ ಆರ್‌ಟಿಸಿ, ಅಂದರೆ ಪಹಣಿ, ತೆಗೆದು ನೋಡಿರಲಿಲ್ಲ. ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಯಾರಿಗೂ ಸಿಗುತ್ತದೆ. ಆಮೇಲೆ ನೋಡಿದರೆ ಅದು ಜಮ್ಮಾ ಬಾಣೆ, ಅಂದರೆ ತಲೆಮಾರುಗಳಿಂದ ಇಡೀ ಮನೆತನಕ್ಕೆ ಸೇರಿ ಬಂದ ಜಾಗ. ಮನೆತನದ ಹಿರಿಯ, ಅಂದರೆ ಪಟ್ಟೆದಾರರ ಹೆಸರು ಮೇಲೆ, ಕೆಳಗೆ ಆ ಒಕ್ಕದವರ, ಅಂದರೆ ಆ ಮನೆತನದವರ ಹೆಸರುಗಳ ಸಾಲು, ಅದರಲ್ಲಿ ತೀರಿಕೊಂಡವರೂ ಇದ್ದರು. ಬೆಂಗಳೂರಿನವರ ಹೆಸರು ಎಲ್ಲೂ ಇಲ್ಲ. ಅವರ ಕೈಯಲ್ಲಿ ಇದ್ದದ್ದು ಒಬ್ಬರ ಜೊತೆ ಮಾಡಿಕೊಂಡ ಅಗ್ರಿಮೆಂಟ್ ಮಾತ್ರ, ಉಳಿದವರಲ್ಲಿ ಒಬ್ಬರು ಆಗಲೇ ತಕರಾರು ಹಾಕಿದ್ದರು. ಕೊಡಗಿನಲ್ಲಿ ಹುಟ್ಟಿ ಬೆಳೆದು, ಜಮ್ಮಾ ಜಾಗದ ಪೇಚಾಟ ಬಾಲ್ಯದಿಂದ ಕೇಳಿಕೊಂಡು ಬಂದವನು ನಾನು. ಹದಿನಾಲ್ಕು ರೂಮು ಅಂತ ಕಂಡ ಕೂಡಲೇ ಅದೆಲ್ಲ ಮರೆತುಹೋಯಿತು.

ಇನ್ನು ನಿಮ್ಮ ವಿಷಯ. ಹಾಸಿಗೆ ಮಾರುವವರಿಗೆ ಈ ಪಟ್ಟಿ ಬೇಕಾಗೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನನ್ನ ಕೆಲಸಕ್ಕಾದರೂ ಸ್ವಲ್ಪ ಅರ್ಥ ಇದೆ. ಗೋಡೆಗೆ ಗಾರೆ ಮೆತ್ತುವ ಮೊದಲೇ ಬಿಸಿನೀರಿನ ಪೈಪು ಒಳಗೆ ಹೋಗಬೇಕು, ತಡವಾಗಿ ಹೋದರೆ ಬೇರೆಯವರು ಹಾಕಿ ಮುಗಿಸಿರುತ್ತಾರೆ. ನಿಮ್ಮದು ಕಟ್ಟಡದೊಳಗೆ ಕಟ್ಟಕಡೆಗೆ ಬರುವ ಸಾಮಾನು. ಅರ್ಜಿ ಹಾಕಿದ ದಿನದಿಂದ ಹಾಸಿಗೆ ಇಳಿಸುವ ದಿನಕ್ಕೆ ವರ್ಷಗಳೇ ಆಗಬಹುದು. ಅಷ್ಟರಲ್ಲಿ ಮಾಲೀಕರೇ ಬದಲಾಗಿರುತ್ತಾರೆ, ಮ್ಯಾನೇಜರ್ ಬಂದಿರುತ್ತಾನೆ, ಅವನಿಗೆ ಅವನದೇ ಅಂಗಡಿ ಇರುತ್ತದೆ. ಇವತ್ತು ಫೋನ್ ಮಾಡಿದ ನಿಮ್ಮ ಹೆಸರು ಯಾರಿಗೆ ನೆನಪಿರುತ್ತೆ ಹೇಳಿ?

ಇನ್ನೊಂದು ವಿಷಯ ನೀವು ಗಮನಿಸಿಲ್ಲ. ಹೋಂಸ್ಟೇ ಅಂದರೆ ಮಾಲೀಕರು ಇರುವ ಮನೆಯಲ್ಲೇ ಕೆಲವು ರೂಮು ಅತಿಥಿಗಳಿಗೆ ಕೊಡುವುದು. ಹೊಸ ಕಟ್ಟಡವೇ ಏಳುವುದಿಲ್ಲ ಅನೇಕ ಕಡೆ. ಮಕ್ಕಳು ಬೆಂಗಳೂರಿಗೆ ಹೋಗಿ ಖಾಲಿ ಬಿದ್ದ ಮಹಡಿಯ ರೂಮು, ಕೆಲಸದವರು ಬಿಟ್ಟುಹೋದ ಲೈನ್ ಮನೆ, ಹಳೇ ಕಾಫಿ ಗೋಡೌನು, ಇವಕ್ಕೆ ಟೈಲ್ಸ್ ಹಾಕಿ ಬಾತ್‌ರೂಮ್ ಸೇರಿಸಿದರೆ ಆಯಿತು. ಕಟ್ಟಡದ ಲೈಸೆನ್ಸಿನ ಕಡತದಲ್ಲಿ ಇವರು ಸಿಗುವುದೇ ಇಲ್ಲ. ಇವರು ಅರ್ಜಿ ಹಾಕುವುದು ಪ್ರವಾಸೋದ್ಯಮ ಇಲಾಖೆಗೆ, ನೋಂದಣಿಗೆ. ಅಂದರೆ ನಿಮ್ಮ ಪಟ್ಟಿಯಲ್ಲಿ ಬೀಳುವುದು ದೊಡ್ಡ ರೆಸಾರ್ಟ್‌ಗಳು. ಅಂಥವರಲ್ಲಿ ಅನೇಕರು ಮಾಲನ್ನು ಲಾರಿ ಲೆಕ್ಕದಲ್ಲಿ ಹೊರಗಿನಿಂದ ತರಿಸುತ್ತಾರೆ, ಮಡಿಕೇರಿಯ ಅಂಗಡಿಗೆ ಬರುವುದಿಲ್ಲ. ನಿಮ್ಮ ಗಿರಾಕಿ ನಾಲ್ಕು ರೂಮಿನ ತೋಟದ ಮನೆಯವರು. ಅವರು ಆ ಪಟ್ಟಿಯಲ್ಲೇ ಇಲ್ಲ.

ಮಾಹಿತಿ ಹಕ್ಕಿನ ಬಗ್ಗೆ ಕೇಳಿದ್ದೀರಿ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಫೋನ್ ನಂಬರ್ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ಹೇಳಿ ಕೊಡುವುದಿಲ್ಲ, ಕೊಡಬಾರದು ಕೂಡ. ಕೇಳಲೇಬೇಕು ಅನ್ನಿಸಿದರೆ ಇಂಥ ವರ್ಷದಲ್ಲಿ ವಾಣಿಜ್ಯ ಕಟ್ಟಡಕ್ಕೆ ಕೊಟ್ಟ ಲೈಸೆನ್ಸ್‌ಗಳ ಊರು ಮತ್ತು ಸರ್ವೆ ನಂಬರ್ ಕೇಳಿ. "ಹಾಕಿದ ಅರ್ಜಿ" ಅಂತ ಕೇಳಬೇಡಿ, "ಕೊಟ್ಟ ಲೈಸೆನ್ಸ್" ಅಂತ ಕೇಳಿ, ನನ್ನ ಚಿನ್ನ ಹೋಗಿದ್ದು ಅಲ್ಲೇ. ಜಾಗ ಗೊತ್ತಾದರೆ ಹೋಗಿ ನೋಡಿಕೊಂಡು ಬರಬಹುದು. ಕಚೇರಿಯಲ್ಲಿ ಯಾರಿಗೋ ಐನೂರು ಕೊಟ್ಟು ಪಟ್ಟಿ ತೆಗೆಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ತಪ್ಪು ಅನ್ನುವುದು ಒಂದು ಕಡೆ ಇರಲಿ, ಅಂಥ ಪಟ್ಟಿ ನಿಮಗಿಂತ ಮೊದಲು ಹತ್ತು ಜನರ ಜೇಬಿನಲ್ಲಿರುತ್ತದೆ.

ಆಮೇಲೆ ಆ ಫೋನ್. "ಸಾರ್, ನಿಮ್ಮ ಅರ್ಜಿ ನೋಡಿದೆ" ಅಂತ ಶುರು ಮಾಡಿದರೆ ಕೆಲಸ ಕೆಟ್ಟಿತು. ಒಬ್ಬ ಬೆಳೆಗಾರರು ನನ್ನನ್ನು ಗೇಟಿನಲ್ಲೇ ನಿಲ್ಲಿಸಿ "ನನ್ನ ಅರ್ಜಿ ವಿಷಯ ನಿನಗೆ ಯಾರು ಹೇಳಿದ್ದು?" ಅಂತ ಕೇಳಿದರು, ಕಾಫಿ ಕೂಡ ಕೊಡಲಿಲ್ಲ. ಕೊಡಗಿನಲ್ಲಿ ಮನೆ ಬಾಗಿಲಿಗೆ ಬಂದವರಿಗೆ ಕಾಫಿ ಕೊಡದೆ ಕಳಿಸುತ್ತಾರೆ ಅಂದರೆ ಸಿಟ್ಟು ಎಷ್ಟಿತ್ತು ಅಂತ ಯೋಚಿಸಿ. ಜಾಗದ ವಿಷಯ ಇಲ್ಲಿ ದಾಯಾದಿಗಳ ವಿಷಯ. ಫೈಲಿನ ಸುದ್ದಿ ತಂದವನನ್ನು ಕಚೇರಿಯ ಬ್ರೋಕರ್ ಅಂತಲೋ, ಎದುರು ಪಾರ್ಟಿ ಕಳಿಸಿದವನು ಅಂತಲೋ ತಿಳಿಯುತ್ತಾರೆ.

ನಾನು ಈಗ ಏನು ಮಾಡುತ್ತೇನೆ ಅಂದರೆ, ಕಾಗದ ಬಿಟ್ಟು ಕೆಲಸ ನೋಡುತ್ತೇನೆ. ಕರೆಂಟಿನವರ ಟೆಂಪರರಿ ಕನೆಕ್ಷನ್ ಬಂದಿದೆಯಾ, ಮೀಟರ್ ಕೂತಿದೆಯಾ? ಬಂದಿದ್ದರೆ ದುಡ್ಡು ಹೊರಗೆ ಬಂದಿದೆ ಅಂತ ಅರ್ಥ. ಜೆಸಿಬಿಯವರು, ಬೋರ್‌ವೆಲ್‌ನವರು, ಪ್ಲಂಬರ್, ಮೇಸ್ತ್ರಿ, ಇವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ. ನಿಮಗೆ ಮುಖ್ಯ ಆಗುವವರು ಟೈಲ್ಸ್ ಹಾಕುವವರು ಮತ್ತು ಪೇಂಟರ್‌ಗಳು. ಪೇಂಟರ್ ಒಳಗೆ ಹೋದ ಅಂದರೆ ಇನ್ನು ಸ್ವಲ್ಪ ದಿನಕ್ಕೆ ಮಂಚ ಬರುತ್ತದೆ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್‌ಗಳನ್ನೂ ಪರಿಚಯ ಮಾಡಿಕೊಳ್ಳಿ. ಶುಕ್ರವಾರದ ಸಂತೆಗೆ ಮಡಿಕೇರಿಗೆ ಬಂದವರಿಗೆ ನಿಮ್ಮ ಅಂಗಡಿಯಲ್ಲಿ ಐದು ನಿಮಿಷ ಕೂರೋಕೆ ಒಂದು ಕುರ್ಚಿ ಹಾಕಿ, ಸುಮ್ನೆ ಮಾತಾಡಿಸಿ.

ಇದೆಲ್ಲಕ್ಕಿಂತ ದೊಡ್ಡ ವ್ಯಾಪಾರ ನಿಮ್ಮ ಕಣ್ಣೆದುರೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಹಾಸಿಗೆಗಳ ಗತಿ ಏನಾಗುತ್ತೆ? ಬೂಷ್ಟು ಹಿಡಿಯುತ್ತದೆ, ಮುಗ್ಗಲು ವಾಸನೆ, ದಿಂಬು ಹಿಂಡಿದರೆ ನೀರು ಬರುತ್ತೇನೋ ಅನ್ನುವ ಹಾಗೆ. ಗೆಸ್ಟ್‌ಗಳು ಮೊದಲು ಬರೆಯುವ ದೂರು ಬಿಸಿನೀರಿನದ್ದು, ಎರಡನೆಯದು ಈ ವಾಸನೆ. ಮೊದಲನೆಯದರಿಂದ ನಾನು ಬದುಕುತ್ತೇನೆ, ಎರಡನೆಯದು ನಿಮ್ಮದು. ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಹಬ್ಬ ಕೈಲ್ ಮುಹೂರ್ತ ಮುಗಿದ ಕೂಡಲೇ ಹೊರಡಿ. ಆಗ ಮಳೆ ಇಳಿಯುತ್ತಿರುತ್ತದೆ, ಮಡಿಕೇರಿ ದಸರಾಕ್ಕೆ ರೂಮು ಬುಕ್ ಆಗುತ್ತಿರುತ್ತದೆ, ಮನೆಯವರೇ ಹಾಸಿಗೆ ಎತ್ತಿ ಬಿಸಿಲಿಗೆ ಹಾಕುತ್ತಿರುತ್ತಾರೆ. ನೋಂದಣಿ ಆದ ಹೋಂಸ್ಟೇಗಳ ಪಟ್ಟಿ ಪ್ರವಾಸೋದ್ಯಮ ಇಲಾಖೆಯಲ್ಲಿ ಕೇಳಿ, ಬುಕಿಂಗ್ ಆ್ಯಪ್‌ಗಳಲ್ಲೂ ಹೆಸರು ಸಿಗುತ್ತದೆ. ಗೆಸ್ಟ್‌ಗಳು ಬರೆದ ವಿಮರ್ಶೆಯಲ್ಲಿ ವಾಸನೆ, ಬೆನ್ನುನೋವು ಅಂತ ಎಲ್ಲಿದೆಯೋ ಅಲ್ಲಿಗೆ ಮೊದಲು ಹೋಗಿ. ಆದರೆ ಆ ವಿಮರ್ಶೆ ಓದಿ ಬಂದೆ ಅಂತ ಅವರ ಎದುರು ಬಾಯಿಬಿಡಬೇಡಿ.

ದುಡ್ಡಿನ ವಿಷಯಕ್ಕೆ ಒಂದು ಮಾತು. ಸೆಪ್ಟೆಂಬರ್‌ನಲ್ಲಿ ಬೆಳೆಗಾರರ ಕೈ ಖಾಲಿ, "ಕಾಫಿ ಮಾರಿದ ಮೇಲೆ ಕೊಡ್ತೀನಿ" ಅಂತಾರೆ. ಅದು ಸುಳ್ಳಲ್ಲ. ಡಿಸೆಂಬರ್‌ನಲ್ಲಿ ಕೊಯ್ಲು ಶುರುವಾಗಿ, ಒಣಗಿಸಿ, ಮಾರಿ ದುಡ್ಡು ಕೈಗೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಪರಿಚಯದ ತೋಟದವರಿಗೆ ಅಲ್ಲಿಯವರೆಗೆ ಸಾಲ ಕೊಡಿ, ಅರ್ಧ ಮೊದಲೇ ತೆಗೆದುಕೊಳ್ಳಿ. ಹೊರಗಿನಿಂದ ಬಂದು ಲೀಸಿಗೆ ನಡೆಸುವವರಿಗೆ ಮಾತ್ರ ಪೂರ್ತಿ ದುಡ್ಡು ಎಣಿಸಿಕೊಂಡೇ ಹಾಸಿಗೆ ಇಳಿಸಿ. ಲೀಸು ಮುಗಿದ ಮೇಲೆ ಅವರೂ ಇರುವುದಿಲ್ಲ, ನಿಮ್ಮ ಹಾಸಿಗೆಯೂ ಇರುವುದಿಲ್ಲ.