‘ನಿನ್ನ ಶುಗರ್ 110, ಏನಿಲ್ಲ ಹೋಗು’

ಗಂಗಾವತಿ ಕಡೆಯ ಓದುಗನೊಬ್ಬನ ಕಾಗದ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಬೇರೆ ಮೂರು ಕಾಗದಗಳಿಗೆ ಉತ್ತರ ಬರೆದಿಟ್ಟಿದ್ದೆ, ಅವನ್ನು ಬದಿಗೆ ಸರಿಸಿದೆ. ಇವತ್ತು ಇವನೊಬ್ಬನ ಸರದಿ.

ಸಂಗತಿ ಇಷ್ಟು. ವಯಸ್ಸು 34, ಅಕ್ಕಿ ಗಿರಣಿಯಲ್ಲಿ ಕೆಲಸ, ನಾಲ್ಕು ವರ್ಷದ ಮಗಳಿದ್ದಾಳೆ. ಲೋಡಿನ ಜೊತೆ ಹೈದರಾಬಾದಿಗೆ ಹೋದಾಗ ‘ಒಂದು ತಪ್ಪಾಯ್ತು ಅಕ್ಕಾ’. ಆ ತಪ್ಪಿಗೆ ಕಾಗದದಲ್ಲಿ ಸಿಕ್ಕಿದ್ದು ಅದೊಂದೇ ಸಾಲು. ಐದು ವಾರ ಹೆದರಿ ಹೆದರಿ ಕಳೆದು, ಮೆಡಿಕಲ್ ಶಾಪ್ ಇಟ್ಟಿರುವ ಗೆಳೆಯನ ಹತ್ತಿರ ಎಚ್‌ಐವಿ ನೋಡುವ ಎರಡು ಕಿಟ್ ತಂದ. ತನ್ನದು ನೋಡಿಕೊಂಡ, ಒಂದೇ ಗೆರೆ. ಹೋದ ಜೀವ ಬಂತು. ಇನ್ನೊಂದು ಕಿಟ್ ಉಳಿದಿತ್ತಲ್ಲ, ಹೆಂಡತಿಯದ್ದೂ ನೋಡಿದ. ಮರುದಿನ ಬೆಳಿಗ್ಗೆ ಅದರಲ್ಲಿ ಮಸುಕಾದ ಎರಡನೇ ಗೆರೆ ಕಂಡಿತು. ಅವತ್ತಿನಿಂದ ಹನ್ನೊಂದು ದಿನ ಪಡಸಾಲೆಯಲ್ಲಿ ಮಲಗುತ್ತಿದ್ದಾನೆ, ಹೆಂಡತಿ ಜೊತೆ ಮಾತಿಲ್ಲ. ಈಗ ನನ್ನನ್ನು ಕೇಳುತ್ತಾನೆ: ‘ನಂದು ಒಂದೇ ಗೆರೆ, ಅಕೀದು ಎರಡು. ಅಂದ್ರ ಅಕೀನೇ ಎಲ್ಲೋ ದಾರಿ ತಪ್ಯಾಳ ಅಂತ ಅಲ್ಲೇನು?’

ತಮ್ಮಾ, ಗೆರೆಯ ವಿಷಯ ಆಮೇಲೆ. ನಿನ್ನ ಕಾಗದದ ಮೂರನೇ ಪುಟದಲ್ಲಿ, ಅಕ್ಕಿ ಲಾರಿಯ ಬಾಡಿಗೆಯ ಮಾತು ಮುಗಿದ ಮೇಲೆ ನೀನು ಹೀಗೆ ಬರೆದಿದ್ದೀಯ: ‘ರೊಟ್ಟಿ ಬಡಿಯಾಕತ್ತಿದ್ಲು. ಶುಗರ್ ನೋಡ್ತೀನಿ, ಬೆರಳು ಕೊಡು ಅಂದೆ. ಅವರವ್ವಗ ಶುಗರ್ ಐತಿ, ಅದಕ್ಕ ಕೂಡಲೆ ಕೊಟ್ಲು. ಎಷ್ಟ ಐತ್ರೀ ಅಂದ್ಲು. 110, ಏನಿಲ್ಲ ಹೋಗು ಅಂದೆ.’

ಇದನ್ನು ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಕೈಯಲ್ಲಿದ್ದ ಜೋಳದ ಹಿಟ್ಟು ಸೆರಗಿಗೆ ಒರೆಸಿಕೊಂಡು ಬೆರಳು ಚಾಚಿದ್ದಾಳೆ. ನೀನು ಚುಚ್ಚಿದ ಮೇಲೆ ಆ ಬೆರಳನ್ನು ಒಮ್ಮೆ ಬಾಯಲ್ಲಿಟ್ಟು ಚೀಪಿ, ಮತ್ತೆ ಹೆಂಚಿನ ಮುಂದೆ ಕೂತಿರುತ್ತಾಳೆ. ಗಂಡ ತನ್ನ ಆರೋಗ್ಯ ವಿಚಾರಿಸಿದ ಎಂದು ಅವತ್ತು ಒಂದು ರೊಟ್ಟಿ ಹೆಚ್ಚಿಗೆ ಬಡಿದಿದ್ದರೂ ಬಡಿದಿರಬಹುದು. ಆ ಬೆರಳನ್ನು ನೀನು ಕದ್ದೆ. ಹೈದರಾಬಾದಿನದು ನೀನು ಹೇಳುವಂಥ ‘ತಪ್ಪಾಯ್ತು’ ಇದ್ದೀತು. ಇದು ಆಗಿದ್ದಲ್ಲ, ಯೋಚಿಸಿ ಮಾಡಿದ್ದು.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಯಾವುದರ ಪರೀಕ್ಷೆ ಎಂದು ತಿಳಿಸಿ, ಒಪ್ಪಿಗೆ ಪಡೆದೇ ಎಚ್‌ಐವಿ ನೋಡಬೇಕು ಎನ್ನುತ್ತದೆ ಅದು. ಗಂಡ ಎಂಬ ಕಾರಣಕ್ಕೆ ರಿಯಾಯಿತಿ ಬರೆದಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವುದಕ್ಕೆ ನನ್ನ ವಿರೋಧ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 2016ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ಕಂಡಾರು ಎಂದು ಹೆದರುವವರಿಗೆ ಅದು ದೊಡ್ಡ ಅನುಕೂಲ. ಆದರೆ ಅದರ ಹೆಸರೇ ಸ್ವಯಂ ಪರೀಕ್ಷೆ. ಯಾರ ಬೆರಳೋ ಅವರ ಕಿಟ್ಟು.

ಇನ್ನು ಗೆರೆಗೆ ಬರೋಣ. ನಿನ್ನದು ಐದು ವಾರಕ್ಕೆ ಒಂದೇ ಗೆರೆ ಬಂತು ಎಂದು ಕುಣಿಯಬೇಡ. ಇಂಥ ಕಿಟ್ ವೈರಾಣುವನ್ನು ನೋಡುವುದಿಲ್ಲ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ನೋಡುತ್ತದೆ. ಅದು ತಯಾರಾಗಲು ಕೆಲವರಿಗೆ ಮೂರು ವಾರ ಸಾಕು, ಕೆಲವರಿಗೆ 90 ದಿನ ಹಿಡಿಯುತ್ತದೆ. 90 ದಿನ ತುಂಬಿದ ಮೇಲೆ ಇನ್ನೊಮ್ಮೆ ನೋಡಿಸಿಕೊಂಡರೇ ನಿನ್ನ ಲೆಕ್ಕ ಮುಗಿಯುವುದು. ಹೈದರಾಬಾದಿನಿಂದ ಬಂದ ಮೇಲೆ ‘ಎಲ್ಲಾ ಮೊದಲಿನಂಗ ಇದ್ವಿ’ ಎಂದೂ ಬರೆದಿದ್ದೀಯ. ಸೋಂಕು ಅಂಟಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಾಣು ಕಿಕ್ಕಿರಿದಿರುತ್ತದೆ, ಇನ್ನೊಬ್ಬರಿಗೆ ಹರಡುವುದು ಆಗಲೇ ಹೆಚ್ಚು, ಕಿಟ್ಟಿಗೆ ಕಾಣದಿರುವುದೂ ಆಗಲೇ. ಅಂದರೆ ಈ ಮನೆಯಲ್ಲಿ ಯಾರು ಯಾರನ್ನು ಅನುಮಾನಿಸಬೇಕು, ನೀನೇ ಹೇಳು. 90 ದಿನದ ಫಲಿತಾಂಶ ಬರುವತನಕ ನಿರೋಧ್ ಇಲ್ಲದೆ ಹತ್ತಿರ ಹೋಗಬೇಡ.

ಅವಳ ಕಿಟ್ಟನ್ನು ಕಪಾಟಿನ ಹಿಂದೆ ಬಚ್ಚಿಟ್ಟು ಬೆಳಿಗ್ಗೆ ನೋಡಿದೆಯಲ್ಲ, ಅದನ್ನು ಕಸಕ್ಕೆ ಹಾಕು. ಇವನ್ನು 15–20 ನಿಮಿಷದ ಆಸುಪಾಸಿನಲ್ಲೇ ಓದಬೇಕು, ಹೊತ್ತು ಮೀರಿದರೆ ಓದಲೇಬಾರದು. ರಕ್ತ ಒಣಗುತ್ತಾ ಇಲ್ಲದ ಗೆರೆ ಮೂಡುವುದುಂಟು. ಅದರ ಮೇಲೆ ನಮ್ಮ ಬಿಸಿಲು. ಬಹಳಷ್ಟು ಕಿಟ್‌ಗಳ ಡಬ್ಬಿಯ ಮೇಲೆ 30 ಡಿಗ್ರಿ ದಾಟದಂತೆ ಇಡಿ ಎಂದು ಬರೆದಿರುತ್ತದೆ. ನೀನು ಮೇ ತಿಂಗಳಲ್ಲಿ ಅದನ್ನು ಬೈಕಿನ ಡಿಕ್ಕಿಯಲ್ಲಿ ಎರಡು ದಿನ ಇಟ್ಟುಕೊಂಡು ತಿರುಗಿದ್ದೀಯ. ರಾಯಚೂರು, ಕೊಪ್ಪಳ, ಬಳ್ಳಾರಿಯ ಮೇ ತಿಂಗಳ ಡಿಕ್ಕಿಯಲ್ಲಿ ಮೊಟ್ಟೆ ಇಟ್ಟರೆ ಬೇಯುತ್ತದೆ.

ಹೊತ್ತಿಗೆ ಸರಿಯಾಗಿ ಓದಿ ಎರಡು ಗೆರೆ ಬಂದಿದ್ದರೂ ಅದು ತೀರ್ಪಲ್ಲ. ನಮ್ಮ ದೇಶದಲ್ಲಿ ದೊಡ್ಡವರ ಪೈಕಿ ಸಾವಿರಕ್ಕೆ ಸುಮಾರು ಇಬ್ಬರಿಗೆ ಎಚ್‌ಐವಿ ಇದೆ. ಸಾವಿರ ಜನರಲ್ಲಿ ಐದು ಮಂದಿಗೆ ಸುಳ್ಳು ಗೆರೆ ತೋರಿಸುವ ಕಿಟ್ಟು ಎಂದಿಟ್ಟುಕೋ, ಗೆರೆ ಬಂದ ಏಳು ಮಂದಿಯಲ್ಲಿ ಐವರಿಗೆ ಏನೂ ಇರುವುದಿಲ್ಲ! ಅದಕ್ಕೇ ಸರ್ಕಾರಿ ಕೇಂದ್ರದಲ್ಲಿ ಮೊದಲ ಕಿಟ್ ಗೆರೆ ತೋರಿಸಿದರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ನಲ್ಲಿ ನೋಡಿದ ಮೇಲೆಯೇ ಮಾತಾಡುತ್ತಾರೆ. ನೀನು ಒಂದು ಹಳಸಿದ ಪಟ್ಟಿ ನೋಡಿ ಹೆಂಡತಿಯ ನಡತೆಗೆ ನಂಬರ್ ಹಾಕಿದೆ. ಮೂರೂ ಕಿಟ್ಟು ಹೌದೆಂದರೂ ಅದು ನಡತೆಯ ಸರ್ಟಿಫಿಕೇಟ್ ಅಲ್ಲ, ಕಾಯಿಲೆಯ ಸುದ್ದಿ ಅಷ್ಟೆ. ಅದಕ್ಕೆ ವೈರಾಣುವನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಮಾತ್ರೆ ಇದೆ. ದಿನಾ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಸಂಗಾತಿಗೆ ಹರಡುವುದೂ ಇಲ್ಲ.

ಆ ಗೆಳೆಯನ ಮಾತು. ಈ ಅಂಕಣ ಓದುವವರಿಗೆ ಗೊತ್ತು, ಕೌಂಟರಿನ ಹಿಂದೆ ನಿಂತು ಡಾಕ್ಟರಿಕೆ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇವನು ದೊಡ್ಡ ಡಬ್ಬಿಯಿಂದ ಎರಡು ಪಟ್ಟಿ ಕಿತ್ತು ಬೀಡಿ ಕೊಟ್ಟ ಹಾಗೆ ಬಿಡಿಯಾಗಿ ಕೊಟ್ಟಿದ್ದಾನೆ. ಎಷ್ಟು ನಿಮಿಷಕ್ಕೆ ಓದಬೇಕು ಎಂಬ ಚೀಟಿ ಇಲ್ಲ, ಹೊಸ ಸೂಜಿ ಇಲ್ಲ. ಎರಡನೇ ಕಿಟ್ಟು ಯಾರಿಗೆ ಎಂದೂ ಕೇಳಲಿಲ್ಲ. ಮರುದಿನ ನೀನು ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ‘ಪಾಸಿಟಿವ್ ಐತಿ ದೋಸ್ತ’ ಎಂದು ಉತ್ತರ ಬರೆದ. ಹನ್ನೊಂದು ದಿನದ ಪಡಸಾಲೆಯಲ್ಲಿ ಅರ್ಧ ಪಾಲು ಅವನದು. ನೀನು ಹೋಗಬೇಕಿದ್ದದ್ದು ಅವನ ಹತ್ತಿರ ಅಲ್ಲ, ಹೈದರಾಬಾದಿನಿಂದ ಇಳಿದ ದಿನವೇ ಸರ್ಕಾರಿ ಆಸ್ಪತ್ರೆಗೆ. 72 ಗಂಟೆಯೊಳಗೆ ಹೋದರೆ ಸೋಂಕು ತಡೆಯಲು 28 ದಿನದ ಮಾತ್ರೆ ಶುರು ಮಾಡಬಹುದು. ನಿನಗೆ ಆ ಹೊತ್ತು ದಾಟಿತು, ಇದನ್ನು ಓದುತ್ತಿರುವ ಇನ್ನೊಬ್ಬನಿಗೆ ದಾಟಿಲ್ಲದಿರಬಹುದು.

ನಿನ್ನ ಪಟ್ಟಿ ಎಚ್‌ಐವಿ ಒಂದನ್ನೇ ಕೇಳಿದ್ದು. ಸಿಫಿಲಿಸ್, ಗೊನೊರಿಯಾ, ಕ್ಲಮಿಡಿಯಾ, ಹೆಪಟೈಟಿಸ್ ಬಿ ಎಲ್ಲಾ ಇದೇ ದಾರಿಯಲ್ಲಿ ಅಂಟುವ ಬೇರೆ ರೋಗಗಳು. ಸಿಫಿಲಿಸ್‌ನ ಹುಣ್ಣು ನೋವಿಲ್ಲದೆ ಬಂದು ತಾನಾಗಿ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಮೊದಲ ಹಂತದಲ್ಲೇ ಹಿಡಿದರೆ ಸಾಮಾನ್ಯವಾಗಿ ಒಂದು ಪೆನಿಸಿಲಿನ್ ಇಂಜೆಕ್ಷನ್ನಿಗೆ ಹೋಗುತ್ತದೆ. ಗೊನೊರಿಯಾ, ಕ್ಲಮಿಡಿಯಾ ಹೆಂಗಸರಲ್ಲಿ ಎಷ್ಟೋ ಸಲ ಲಕ್ಷಣವನ್ನೇ ತೋರಿಸುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ ಇರುವುದೇ ಇವುಗಳಿಗೆ.

ಹಾಂ, ಚುಚ್ಚಿದ್ದು ಯಾವುದರಲ್ಲಿ? ‘ಅಪ್ಪನ ಶುಗರ್ ಮಷೀನಿನ ಪೆನ್ನಿನಾಗ’ ಎಂದಿದ್ದೀಯ. ಸೂಜಿ ಬದಲಿಸಿದೆ ಎಂದು ಎಲ್ಲೂ ಬರೆದಿಲ್ಲ. ಒಂದೇ ಪೆನ್ನಿನಲ್ಲಿ ಹಲವರು ಚುಚ್ಚಿಕೊಂಡರೆ ಹೆಪಟೈಟಿಸ್ ಬಿ ದಾಟುತ್ತದೆ, ಸೂಜಿ ಬದಲಿಸಿದರೂ ಪೆನ್ನು ಹಂಚಿಕೊಳ್ಳಬಾರದು. ಅಪ್ಪನಿಗೆ ಇವತ್ತೇ ಹೊಸ ಪೆನ್ನು ತಂದುಕೊಡು. ಅವರ ರಕ್ತವನ್ನೂ ನೋಡಿಸಬೇಕಾಗುತ್ತದೆ, ಅವರಿಗೂ ಹೇಳಿಯೇ.

ನಿನಗೆ ನಾನು ಹೇಳುವ ಕೆಲಸ ಒಂದೇ. ಇವತ್ತು ರಾತ್ರಿ ಮಗಳು ಮಲಗಿದ ಮೇಲೆ ಹೆಂಡತಿಯ ಮುಂದೆ ಕೂತು ಹೇಳು: ‘ಅವತ್ತು ನೋಡಿದ್ದು ಶುಗರ್ ಅಲ್ಲ.’ ಅಲ್ಲಿಂದ ಹೈದರಾಬಾದಿನ ತನಕ ಹಿಂದಕ್ಕೆ ಹೋಗು. ಅವಳು ಅತ್ತರೆ ಅಳಲಿ, ಬೈದರೆ ಬೈಯಲಿ, ಗಂಟು ಕಟ್ಟಿಕೊಂಡು ತವರಿಗೆ ಹೊರಟರೆ ಬಸ್ಸಿನವರೆಗೆ ಬಿಟ್ಟು ಬಾ. ಅವಳ ಗೆರೆ ಏನಾಯಿತು ಎಂದು ಕಾದು ನೋಡಿ ಆಮೇಲೆ ಹೇಳುತ್ತೇನೆ ಎನ್ನಬೇಡ, ಅದು ವ್ಯಾಪಾರ. ಅವಳು ಒಪ್ಪಿದ ದಿನ ಇಬ್ಬರೂ ಐಸಿಟಿಸಿಗೆ, ಅಂದರೆ ಎಚ್‌ಐವಿ ನೋಡುವ ಸರ್ಕಾರಿ ಕೇಂದ್ರಕ್ಕೆ ಹೋಗಿ. ಗಂಗಾವತಿಯಲ್ಲಿ ಪರಿಚಯದವರು ಸಿಗುತ್ತಾರೆ ಎಂದಾದರೆ ಕೊಪ್ಪಳಕ್ಕೋ ಬಳ್ಳಾರಿಗೋ ಹೋಗಿ. ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿರುತ್ತದೆ, ಮೊದಲು ಆಪ್ತ ಸಮಾಲೋಚಕರು ಕೂರಿಸಿ ಮಾತಾಡುತ್ತಾರೆ. ಹೋಗುವ ಮೊದಲೇ ಯಾರನ್ನಾದರೂ ಕೇಳಬೇಕೆನಿಸಿದರೆ 1097ಕ್ಕೆ ಫೋನ್ ಮಾಡು, ದುಡ್ಡು ಬೀಳುವುದಿಲ್ಲ.

ಅದೇ ಆಸ್ಪತ್ರೆಯಲ್ಲಿ ಅವಳ ಶುಗರ್ ಕೂಡ ನೋಡಿಸು. ಅವರವ್ವನಿಗೆ ಇದೆ ಎಂದಿದ್ದೀಯ, ಅವಳಿನ್ನೂ ತನ್ನದು 110 ಎಂದುಕೊಂಡಿದ್ದಾಳೆ.