ಹೆಸರು ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮ ಶಾಲೆಯ ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಬೇಂದ್ರೆಯವರ ಒಂದು ಕವಿತೆ, ಶಿಶುನಾಳ ಶರೀಫರ ಒಂದು ತತ್ವಪದ, ವಾಟ್ಸಾಪಿನಲ್ಲಿ ಬಂದ ಒಂದು ಚೆಂದದ ಫೋಟೊ ಹಾಕಬೇಕೆಂದಿದ್ದೇವೆ. ಮಾರಾಟಕ್ಕಲ್ಲ, ಸುಮ್ನೆ ಹಂಚುತ್ತೇವೆ. ಕೆಳಗೆ ‘ಕೃಪೆ’ ಎಂದು ಬರೆದರೆ ಸಾಕಲ್ವಾ?
– ಒಬ್ಬ ಶಿಕ್ಷಕಿ, ಹಾವೇರಿ

ಉತ್ತರ: ಸಾಲದು ಅಕ್ಕೋರೆ. ಹೆಸರು ಹಾಕುವುದು ಬೇರೆ, ಕೇಳಿ ತೆಗೆದುಕೊಳ್ಳುವುದು ಬೇರೆ. ಎರಡೂ ಬೇಕು.

ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಪದಕ್ಕೆ ಯಾರ ಅನುಮತಿಯೂ ಬೇಡ. ಆದರೆ ಯಾವ ಸಂಗ್ರಹದಿಂದ ತೆಗೆದುಕೊಂಡಿರಿ ಅಂತ ಬರೆಯಿರಿ. ಬಾಯಿಂದ ಬಾಯಿಗೆ ಬಂದ ಪದಗಳನ್ನು ಹುಡುಕಿ ಕೂಡಿಸಿದವರ ದುಡಿಮೆ ಅದು.

ಬೇಂದ್ರೆಯವರ ಮಾತು ಹಾಗಲ್ಲ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಂತೆ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಅವರು ಹೋಗಿದ್ದು 1981ರಲ್ಲಿ. ಅಂದರೆ 2041 ಮುಗಿಯುವವರೆಗೂ ಹಕ್ಕುದಾರರನ್ನು ಕೇಳಲೇಬೇಕು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಕಲಿಸಲು ಯಾರನ್ನೂ ಕೇಳಬೇಕಿಲ್ಲ. ಅಚ್ಚು ಹಾಕಿ ಹಂಚುವಾಗ, ದುಡ್ಡು ತೆಗೆದುಕೊಳ್ಳದಿದ್ದರೂ, ಕೇಳಬೇಕು. ಯಾವ ಕವಿತೆ, ಎಷ್ಟು ಪ್ರತಿ, ಆಮೇಲೆ ಮೊಬೈಲಿನಲ್ಲೂ ಕಳಿಸುತ್ತೀರಾ, ಎಲ್ಲವನ್ನೂ ಪತ್ರದಲ್ಲಿ ತಿಳಿಸಿ. ಉತ್ತರವೂ ಬರಹದಲ್ಲೇ, ಸಹಿಯೊಂದಿಗೆ ಇರಲಿ. ಎಷ್ಟು ಕಾಲ ಅಂತ ಅದರಲ್ಲಿ ಬರೆಯದಿದ್ದರೆ ಕಾಯ್ದೆ 5 ವರ್ಷ ಅಂತ ಹಿಡಿಯುತ್ತದೆ.

ಇನ್ನು ಫೋಟೊ. ಇದು ನನ್ನ ಮನಸ್ಸಿಗೆ ತಾಗಿದ ವಿಷಯ. ಗದಗಿನ ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿ ಸರಸ್ವತಿ ಗುಡಿ ಇದೆಯಲ್ಲ, ಅದರ ಕಂಬಗಳ ಕೆತ್ತನೆ ಸರಿಯಾಗಿ ಕಾಣುವ ಬೆಳಕಿಗಾಗಿ ಮೂರು ಬೆಳಿಗ್ಗೆ ಧಾರವಾಡದಿಂದ ಮೊದಲ ಬಸ್ಸಿಗೆ ಹೋಗಿದ್ದೆ. ಮರುವರ್ಷ ನನ್ನ ಚಿತ್ರ ಒಂದು ಅಂಗಡಿಯ ಕ್ಯಾಲೆಂಡರಿನಲ್ಲಿತ್ತು. ಕೆಳಗೆ ‘ಕೃಪೆ: ಅಂತರ್ಜಾಲ’. ಆ ಕ್ಯಾಲೆಂಡರು ನಮ್ಮ ಮನೆಗೇ ಬಂದಿತ್ತು. ಅವ್ವ ಅದನ್ನು ನೋಡಿ, ‘ಇದು ನೀ ತೆಗದದ್ದಲ್ಲೇನು?’ ಎಂದಾಗ ಏನು ಹೇಳಬೇಕೋ ತಿಳಿಯಲಿಲ್ಲ. ಒಂದು ಮಾತು ಕೇಳಿದ್ದರೆ ಪುಕ್ಕಟೆ ಕೊಡುತ್ತಿದ್ದೆ. ಆ ಒಂದು ಮಾತಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು?

ಅದಕ್ಕೇ ಹೇಳುತ್ತೇನೆ, ನಿಮಗೆ ಆ ಫೋಟೊ ಕಳಿಸಿದವರನ್ನು ಕೇಳಿ, ಅವರಿಗೆ ಕಳಿಸಿದವರನ್ನೂ ಕೇಳಿ. ತೆಗೆದವರು ಸಿಗದಿದ್ದರೆ ಬಿಟ್ಟುಬಿಡಿ. ನಿಮ್ಮ ಎಂಟನೇ ಕ್ಲಾಸಿನ ಮಕ್ಕಳ ಕೈಗೆ ಒಂದು ಮೊಬೈಲ್ ಕೊಟ್ಟು ಶಾಲೆಯ ಅಂಗಳದ ಫೋಟೊ ತೆಗೆಸಿ. ಯಾರ ಫೋಟೊ ಆರಿಸುತ್ತೀರೋ ಆ ಮಗುವನ್ನೂ, ಮನೆಯವರನ್ನೂ ಕೇಳಿ, ಫೋಟೊದ ಕೆಳಗೇ ಆ ಮಗುವಿನ ಹೆಸರು ಹಾಕಿ.